ಹೌದೆನ್ನುವ ಕುದುರೆ

ಮಲ್ಲು, ದೀಪಾ, ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಮನುಷ್ಯರಿಗೆ ದಿನಕ್ಕೆ ಎರಡು ಊಟ, ಕುದುರೆಗೆ ಒಂಬತ್ತು! ಇದು ನಿಮ್ಮ ಮುತ್ತಜ್ಜ, ಅಂದರೆ ನನ್ನ ಮಾವ ಮಾಡಿದ ಕಾನೂನು. ಒಂಬತ್ತರಲ್ಲಿ ಒಂದು ತಪ್ಪಿದರೂ ಅವರು ತಾವು ರೊಟ್ಟಿ ಮುಟ್ಟುತ್ತಿರಲಿಲ್ಲ. ರಂಗಂಪೇಟೆಯ ನಮ್ಮ ಓಣಿಯವರು ಅವರನ್ನು ಹುಚ್ಚ ಎನ್ನುತ್ತಿದ್ದರು. ನಾನು ಬಾಯಿಬಿಟ್ಟು ಅನ್ನಲಿಲ್ಲ. ಆದರೆ ನಾನು ಮಾಡಿದ್ದು ಅನ್ನುವುದಕ್ಕಿಂತ ಕೆಟ್ಟದ್ದು. ಅದನ್ನು ಬರೆಯಬೇಕೆಂದು ನಾಲ್ಕು ದಿನದಿಂದ ಕೂರುತ್ತೇನೆ, ನಾಚಿಕೆಯಾಗಿ ಏಳುತ್ತೇನೆ.

ಕಾಲುವೆ ಬರುವ ಮೊದಲು ಆ ಕುದುರೆ ಮನೆಯಲ್ಲಿ ನಿಂತದ್ದೇ ಕಡಿಮೆ. ಮಾವ ಅದರ ಮೇಲೆ ಹೊಲಕ್ಕೆ ಹೋಗಿ ಬಿಟ್ಟರೆ ಗುಡ್ಡದ ಕೆಳಗಿನ ಬಯಲಲ್ಲಿ ಸಂಜೆಯವರೆಗೆ ಮೇಯುತ್ತಿತ್ತು. ನೀರು ಬಂತು ನೋಡಿ, ಬಯಲೆಲ್ಲ ಭತ್ತದ ಗದ್ದೆಯಾಯಿತು. ಬೇರೆಯವರ ಭತ್ತದಲ್ಲಿ ಕುದುರೆ ಬಿಟ್ಟರೆ ಸುಮ್ಮನಿರುತ್ತಾರೆಯೇ? ಮಾರಿಬಿಡು ಎಂದರು ಎಲ್ಲರೂ. ಮಾವ ಮಾರಲಿಲ್ಲ. ಹಿತ್ತಿಲ ಕೊಟ್ಟಿಗೆಯಲ್ಲಿ ಕಟ್ಟಿದರು.

ಮೇವಿನ ಕೆಲಸ ಅತ್ತೆಯ ಪಾಲಿಗೆ ಬಂತು. ಬೆಳಿಗ್ಗೆ ಒಂದು ಗಡಿಗೆ ಬೇಯಿಸಿದ ಹುರುಳಿ, ಸಂಜೆ ಒಂದು ಗಡಿಗೆ. ಕುದುರೆ ಅದನ್ನು ಗಬಗಬ ಮುಗಿಸಿ ಉಳಿದ ದಿನವೆಲ್ಲ ಗೋಡೆ ನೋಡುತ್ತ ನಿಲ್ಲುತ್ತಿತ್ತು. ತಿಂಗಳಾಗುವಷ್ಟರಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸಲು ಶುರುಮಾಡಿತು. ತಾಸುಗಟ್ಟಲೆ ಅದೇ ಕೆಲಸ!

ಪಕ್ಕದ ಮನೆಯ ಮುದುಕಿ ಒಂದು ದಿನ ಮಜ್ಜಿಗೆಗೆ ಬಂದವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ಮಗಳನ್ನ ಶಹಾಪುರದ ಮನಿಗಿ ಕೊಡಲೋ ಬ್ಯಾಡೋ ತಿಳಿವಲ್ದು ನೋಡವ್ವಾ. ಕೊಡಲ್ಯಾ?” ಎಂದು ನನ್ನನ್ನು ಕೇಳಿದಳು. ನಾನು ಉತ್ತರ ಹುಡುಕುತ್ತಿರುವಾಗ ಕುದುರೆ ಹೌದು, ಹೌದು, ಹೌದು ಎಂದಿತು. ಮುದುಕಿ ಮಜ್ಜಿಗೆ ಮರೆತು ಕೈಮುಗಿದು ಓಡಿದಳು. ಆ ಮದುವೆ ಚೆನ್ನಾಗಿಯೂ ಆಗಿಬಿಟ್ಟಿತು!

ಅಲ್ಲಿಂದ ಶುರುವಾಯಿತು. ಒಬ್ಬ ಬಂದು ಎತ್ತು ಮಾರಲೇ ಎಂದು ಕೇಳಿದ. ಹೌದು. ಮರುದಿನ ಇನ್ನೊಬ್ಬ ಬಂದು ಅದೇ ಎತ್ತು ಕೊಳ್ಳಲೇ ಎಂದು ಕೇಳಿದ. ಅದಕ್ಕೂ ಹೌದು! ಎತ್ತು ಕುಂಟುತ್ತದೆ ಎಂಬುದನ್ನು ಮಾತ್ರ ಕುದುರೆ ಯಾರಿಗೂ ಹೇಳಲಿಲ್ಲ.

ಮಾವನಿಗೆ ಇದು ಗೊತ್ತಾದಾಗ ಹಿತ್ತಿಲಲ್ಲಿ ಏಳೆಂಟು ಜನ ನಿಂತಿದ್ದರು.

“ಅದು ಹೌದು ಅನ್ನಾಕತ್ತಿಲ್ಲೋ ಹುಚ್ಚಪ್ಪಗಳ್ರ್ಯಾ! ಬ್ಯಾಸರಾಗ್ಯಾದ ಅದಕ್ಕ! ನಿಮ್ಮನ್ನ ಮೂರು ತಿಂಗಳು ಗ್ವಾಡಿಗಿ ಮುಖ ಮಾಡಿ ಕಟ್ಟಿದ್ರ ನೀವೂ ಹೌದು ಅಂತೀರಿ!”

“ಕಾಕಾ, ಸಿಟ್ಟಾಗಬ್ಯಾಡ್ರಿ. ನೀವು ಹೇಳಿದ್ದು ಖರೇ ಏನು, ಕುದುರಿನ್ನೇ ಕೇಳೂಣು,” ಎಂದನೊಬ್ಬ.

ಕೇಳಿದರು. ಕುದುರೆ ಹೌದೆಂದಿತು.

ಮಾವ ಎರಡು ದಿನ ಕೊಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕುಳಿತು ಕುದುರೆಯನ್ನೇ ನೋಡಿದರು. ಬಾಯಲ್ಲಿ ಮೇವಿದ್ದಾಗ ಅದು ತಲೆ ಆಡಿಸುವುದಿಲ್ಲ ಎಂದು ಕಂಡುಕೊಂಡರು. ಬಯಲಲ್ಲಿ ಅದು ದಿನವಿಡೀ ಒಂದೊಂದೇ ಎಸಳು ಹುಡುಕಿ ತಿನ್ನುತ್ತಿತ್ತಲ್ಲ, ಇಲ್ಲಿಯೂ ಹಾಗೆಯೇ ಆಗಬೇಕು ಎಂದರು. ಹುರುಳಿ ಕಡಿಮೆ, ಹುಲ್ಲು ಜಾಸ್ತಿ. ಹಗ್ಗದಲ್ಲಿ ಬಲೆ ಹೆಣೆದು, ಜೋಳದ ಕಣಕಿ ತುಂಬಿ, ಕೊಟ್ಟಿಗೆಯ ಮೂರು ಕಡೆ ತೂಗುಹಾಕಿದರು. ಒಂದೊಂದೇ ದಂಟು ಎಳೆದು ತಿನ್ನಲಿ ಎಂದು! ಮೂರು ಬಲೆ, ಮೂರು ಹೊತ್ತು, ಒಟ್ಟು ಒಂಬತ್ತು ಊಟ. ಗಬಗಬ ನುಂಗಬಾರದೆಂದು ಹುರುಳಿಯ ನಡುವೆ ದೊಡ್ಡ ದೊಡ್ಡ ಗುಂಡುಕಲ್ಲು ಇಟ್ಟರು. ಕುದುರೆ ಕಲ್ಲು ಸರಿಸಿ ಸರಿಸಿ ಕಾಳು ಹುಡುಕುತ್ತಿತ್ತು.

“ಇವತ್ತು ಏನು ಅಡಗಿರಿ, ಕಲ್ಲಿನ ಪಲ್ಯಾ?” ಎಂದು ಓಣಿಯವರು ಗೋಡೆಯ ಮೇಲಿಂದ ಕೂಗುತ್ತಿದ್ದರು.

“ಹೌದು, ನೀನೂ ಬಾ, ನಿನ್ನ ಹಲ್ಲಿಗಿ ಸರಿ ಆಗ್ತದ!” ಎನ್ನುತ್ತಿದ್ದರು ಮಾವ.

ನಕ್ಕವರು ನಗಲಿ, ಇಪ್ಪತ್ತು ದಿನದಲ್ಲಿ ಕುದುರೆ ತಲೆ ಆಡಿಸುವುದನ್ನು ಬಿಟ್ಟಿತು. ಜನ ಬರುವುದನ್ನೂ ಬಿಟ್ಟರು.

ಇನ್ನು ನನ್ನ ಪಾಲು. ನಾನು ನಾಲ್ಕನೆಯ ಇಯತ್ತೆ ಓದಿ, ಕೊಂಕಲ್ ಕಡೆಯ ಹಳ್ಳಿಯಿಂದ ಈ ಮನೆಗೆ ಬಂದವಳು. ಮದುವೆಯಾಗಿ ಎರಡು ವರ್ಷವಾದರೂ ಓಣಿಯಲ್ಲಿ ಯಾರೊಂದಿಗೂ ನಾಲ್ಕು ಮಾತು ಆಡಿರಲಿಲ್ಲ. ಬಾವಿಗೆ ಹೋದರೂ ಅತ್ತೆಯ ಹಿಂದೆ. ಕುದುರೆಯನ್ನು ಕೇಳಲು ಹೆಂಗಸರು ಬರತೊಡಗಿದಾಗ ಅದರ ಹಗ್ಗ ಹಿಡಿದು ನಿಲ್ಲುತ್ತಿದ್ದವಳು ನಾನು. “ನೀನ ಒಂದು ಮಾತು ಕೇಳವ್ವಾ, ನಿನ್ನ ಮಾತು ಕೇಳ್ತದ,” ಎನ್ನುತ್ತಿದ್ದರು. ನನ್ನ ಕೈ ಹಿಡಿದು ಕೂರಿಸಿಕೊಂಡು ತಮ್ಮ ಮನೆಯ ಸುದ್ದಿ ಹೇಳುತ್ತಿದ್ದರು. ಕುದುರೆಗೆ ಗುಣವಾದ ಮೇಲೆ ಹಿತ್ತಿಲು ಮತ್ತೆ ಬಣಗುಟ್ಟಿತು.

ಏನು ಮಾಡಿದೆ ಗೊತ್ತೇ? ಮಾವ ಹೊಲಕ್ಕೆ, ಅತ್ತೆ ಒಳಗೆ ಅಡಿಗೆಗೆ ಹೋದೊಡನೆ ಮೂರೂ ಬಲೆಗಳನ್ನು ಬಿಚ್ಚಿ ಕಟ್ಟಿಗೆಯ ಒಟ್ಟಿಲ ಹಿಂದೆ ಬಚ್ಚಿಡತೊಡಗಿದೆ. ಹಸಿದ ಕುದುರೆ ಮೂರನೆಯ ದಿನಕ್ಕೇ ಹೌದೆಂದಿತು. ಪಕ್ಕದ ಮುದುಕಿಗೆ ನಾನೇ ಹೋಗಿ ಹೇಳಿದೆ. ಹೆಂಗಸರು ಬಂದರು, ನಾನು ನಕ್ಕೆ. ಆಮೇಲೆ ಕುದುರೆ ಮೇವಿನ ದೋಣಿಯ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದು ಘಕ್ ಘಕ್ ಎಂದು ಗಾಳಿ ನುಂಗತೊಡಗಿತು. ಹಸಿದು ಬೇಸತ್ತ ಕುದುರೆಗೆ ಹತ್ತುವ ಕೆಟ್ಟ ಚಟವದು. ನೋಡಿಯೂ ನೋಡದಂತಿದ್ದೆ. ಮಾವ ಬರುವ ಮುಂಚೆ ಬಲೆ ಕಟ್ಟಿಬಿಡುತ್ತಿದ್ದೆ.

ಒಂದು ದಿನ ಮಾವ ಮಧ್ಯಾಹ್ನವೇ ಬರುವುದು ಓಣಿಯ ತುದಿಯಲ್ಲಿ ಕಂಡಿತು. ಮೂರು ಬಲೆ ಕಟ್ಟಲು ವೇಳೆಯೆಲ್ಲಿ? ಕುದುರೆ ಸುಮ್ಮನಾದರೆ ಸಾಕೆಂದು ಬೇಯಿಸಿಟ್ಟಿದ್ದ ಹುರುಳಿಯನ್ನೆಲ್ಲ, ಪೂರ್ತಿ ಗಡಿಗೆ, ಹಸಿದ ಹೊಟ್ಟೆಗೆ ಕಲ್ಲಿಲ್ಲದೆ ಸುರಿದೆ.

ತಾಸಿನಲ್ಲಿ ಕುದುರೆ ಮಲಗಿತು. ಎದ್ದಿತು. ಬೆವರುತ್ತ ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿತು. ಮತ್ತೆ ಬಿದ್ದು ಹೊರಳಿತು. ಮಾವ ಅದನ್ನು ಎಬ್ಬಿಸಿ ಬಿಸಿಲಲ್ಲಿ ಓಣಿಯುದ್ದ ನಡೆಸಿದರು. ಸುರಪುರದಿಂದ ದನದ ಡಾಕ್ಟರ್ ಬಂದರು.

“ಏನು ತಿನ್ನಿಸೀರಿ? ಎಷ್ಟು? ಖರೇ ಹೇಳ್ರಿ, ಇಲ್ಲಾಂದ್ರ ಉಳಿಯಾದಿಲ್ಲ.”

ಅತ್ತೆ ನನ್ನತ್ತ ನೋಡಿದರು. ನಾನು ಬಾಗಿಲ ಹಿಂದೆ. ಮಾವನ ಕಣ್ಣು ಕಟ್ಟಿಗೆಯ ಒಟ್ಟಿಲ ಕಡೆ ಹೋಯಿತು. ಬಲೆಯ ಹಗ್ಗ ಹೊರಗೆ ಇಣುಕುತ್ತಿತ್ತು.

“ನಾನ ಹಾಕೀನ್ರಿ. ಒಂದು ಗಡಿಗಿ ಹುಳ್ಳಿ, ಪೂರಾ,” ಎಂದರು ಮಾವ.

“ಇಷ್ಟು ವಯಸ್ಸಾಗ್ಯಾದ, ಬುದ್ಧಿ ಬ್ಯಾಡೇನ್ರಿ?” ಎಂದು ಡಾಕ್ಟರ್ ಓಣಿಯ ಜನರೆದುರು ಬೈದರು. ಅಲ್ಲಿಯವರೆಗೆ ಮಾವನನ್ನು ಬೈದವರನ್ನು ನಾನು ಕಂಡಿರಲಿಲ್ಲ. ಮಾವ ತಲೆ ತಗ್ಗಿಸಿ ನಿಂತಿದ್ದರು.

ಮೂಗಿಗೆ ಹಾಕಿದ ನಳಿಗೆಯಿಂದ ಹೊಟ್ಟೆಗೆ ಔಷಧ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಕುದುರೆ ಲದ್ದಿ ಹಾಕಿತು. ಇನ್ನು ಬದುಕಿತು ಎಂದು ಓಣಿಯ ಜನ ಹೋ ಎಂದರು! ಲದ್ದಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಎಲ್ಲರೂ ನಗುತ್ತಿದ್ದಾಗ ನಾನು ಒಲೆಯ ಮುಂದೆ ಕುಳಿತು ಅಳುತ್ತಿದ್ದೆ.

ಮರುದಿನ ಬಲೆಗಳನ್ನು ಕಟ್ಟುವಾಗ ಮಾವ ನನ್ನನ್ನು ಕರೆದರು. ಬೈಯುತ್ತಾರೆ ಎಂದು ಸೆರಗು ಬಿಗಿಹಿಡಿದು ನಿಂತೆ. ಅವರು ನನ್ನ ಮುಖ ನೋಡಲಿಲ್ಲ, ಗಂಟು ಹಾಕುತ್ತಲೇ ಕೇಳಿದರು:

“ನಿನಗೂ ಭಾಳ ಬ್ಯಾಸರಾಗಿತ್ತೇನವ್ವಾ?”

ನಾನು ಬಲೆಯ ಇನ್ನೊಂದು ತುದಿ ಹಿಡಿದುಕೊಂಡೆ. ಅವರು ಒಳಗೆ ತಿರುಗಿ ಅತ್ತೆಗೆ ಕೂಗಿದರು: “ಏ ಕೇಳಿದ್ಯಾ! ಸೊಸಿ ಕೈಯಾಗಿಂದ ಅಲ್ಲದ ಈ ಕುದುರಿ ಹುಲ್ಲು ಮುಟ್ಟಾದಿಲ್ಲ! ದಿನಾ ಸಂಜಿಗಿ ಆಕಿ ಕುದುರಿ ಹೊಡಕೊಂಡು ಕಾಲುವಿ ದಂಡಿಗಿ ಹೋಗ್ಲಿ, ಓಣ್ಯಾಗಿನ ಹೆಣ್ಣುಮಕ್ಕಳ ಜೋಡಿ!” ಆ ಹೊತ್ತಿಗೆ ಕುದುರೆ ಅತ್ತೆಯ ಕಸಬರಿಗೆಯನ್ನೇ ಅರ್ಧ ತಿಂದಿತ್ತು. ಆದರೂ ಅತ್ತೆ ಒಪ್ಪಿದರು.

ಹೀಗೆ ಆರು ವರ್ಷ, ಸಂಜೆಯಾದರೆ ಬಟ್ಟೆ ಒಗೆಯುವ ಹೆಂಗಸರೊಂದಿಗೆ ಕಾಲುವೆಯ ದಂಡೆಯಲ್ಲಿ ಹರಟಿದೆ. ಕುದುರೆ ಪಕ್ಕದಲ್ಲಿ ಮೇಯುತ್ತಿತ್ತು. ಹುರುಳಿ ಹಾಕಿದವಳು ನಾನೆಂದು ಆ ದಂಡೆಯಲ್ಲೂ ಹೇಳಲಿಲ್ಲ, ನಿಮ್ಮ ಅಜ್ಜನಿಗೂ ಹೇಳಲಿಲ್ಲ. ಮಾವ ತೀರಿಕೊಂಡ ದಿನ ಅಂಗಳದಲ್ಲಿ ಕುಳಿತವರು, ಒಂದು ಗಡಿಗೆ ಹುರುಳಿ ಹಾಕಿ ಕುದುರೆ ಕೊಲ್ಲಲು ಹೊರಟಿದ್ದ ಪುಣ್ಯಾತ್ಮ ಎಂದು ಅಳುವಿನ ನಡುವೆಯೂ ನಕ್ಕರು. ಆಗಲೂ ಸುಮ್ಮನಿದ್ದೆ.

ಮಕ್ಕಳೇ, ಬಾಯಿಂದ ಬಾರದ್ದನ್ನು ಬರೆದಿದ್ದೇನೆ. ಇಲಿ, ಗೆದ್ದಲು ತಿನ್ನದ ಕಡೆ ಈ ಹಾಳೆಗಳನ್ನಿಡಿ. ನಿಮ್ಮ ಮನೆಯಲ್ಲಿ ಯಾರಾದರೂ ಅವರನ್ನು ಹುಚ್ಚ ಎಂದರೆ ತೆಗೆದು ಗಟ್ಟಿಯಾಗಿ ಓದಿ. ನನ್ನ ಪಾಲು ಬಂದ ಕಡೆ ದನಿ ತಗ್ಗಿಸಬೇಡಿ.