ಈಶಪ್ಪನ ಪ್ರಸ್ಥಾನ

ಶನಿವಾರ ಬೆಳಿಗ್ಗೆ ಈಶಪ್ಪ ಚಹಾದ ಕಪ್ಪನ್ನು ಇನ್ನೂ ತುಟಿಗಿಟ್ಟಿರಲಿಲ್ಲ, ಬೀಜದ ಕಂಪನಿಯ ಗವಿಸಿದ್ದೇಶನ ಫೋನು ಬಂತು.

"ಸಾಹುಕಾರ್ರ, ಡಿಕ್ಲರೇಷನ್ ಮಾಡೀರಿಲ್ರಿ?"

"ಯಾತರದ್ದೋ ಅದು?"

"ಥಾಯ್ಲೆಂಡಿನಾಗ ಇಳಿಯೋಕಿಂತ ಮೊದಲ ಆನ್‌ಲೈನ್‌ದಾಗ ಬರದು ಕೊಡಬೇಕ್ರಿ. ನೀವು ಯಾರು, ಯಾಕ ಬಂದ್ರಿ, ಎಲ್ಲಿ ಇಳಕೊಳ್ತೀರಿ, ಎಲ್ಲಾ. ಗುರುವಾರನ ಗ್ರೂಪಿನಾಗ ಹಾಕೇನಲ್ರಿ."

ಗವಿಸಿದ್ದೇಶ ಆ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಒಂದು ಸೂರ್ಯನನ್ನೂ ಒಂದು ನೀತಿಮಾತನ್ನೂ ಹಾಕುತ್ತಿದ್ದ. ಅವುಗಳ ಕಾಟ ತಾಳಲಾರದೆ ಈಶಪ್ಪ ಗ್ರೂಪು ತೆರೆದು ನೋಡುವುದನ್ನೇ ಬಿಟ್ಟಿದ್ದ.

"ಟಿಕೀಟು ನೀವ ತಗಸೀರಿ, ಹೋಟೆಲ್ ನೀವ ಮಾಡೀರಿ. ಇದೊಂದು ಮಾಡಾಕ ನಿಮ್ಮ ಕೈಗೆ ಏನ ಆಗಿತ್ತು?"

"ಬೆಂಗಳೂರಿನ ಏಜೆಂಟ ಫೋನ್ ಎತ್ತವಲ್ಲರಿ. ಇಳಿಯಾಕ ಮೂರು ದಿನ ಉಳಿಯೋತನ ಆ ವೆಬ್‌ಸೈಟು ತಗೊಳ್ಳಂಗೂ ಇಲ್ಲ. ಸಂಜಿ ಐದಕ್ಕ ಏರ್‌ಪೋರ್ಟಿಗೆ ಬಸ್ಸು. ಡಿಕ್ಲರೇಷನ್ ಇಲ್ಲದವರನ್ನ ಹತ್ತಿಸಬ್ಯಾಡ ಅಂತ ಮ್ಯಾಲಿನವರು ಹೇಳ್ಯಾರ. ಪಾಸ್‌ಪೋರ್ಟ್ ಮುಂದ ಇಟ್ಕೊಂಡು ಕುಂತ್ರ ಹತ್ತು ನಿಮಿಷದ ಕೆಲಸ್ರಿ."

ಪಾಸ್‌ಪೋರ್ಟ್ ಎಂಬ ಮಾತು ಕೇಳಿದ್ದೇ ಈಶಪ್ಪನಿಗೆ ಚಹಾ ಕಹಿಯಾಯಿತು. ಪಾಸ್‌ಪೋರ್ಟೂ ಅದರ ಜೆರಾಕ್ಸೂ ಇದ್ದದ್ದು ಬ್ಯಾಗಿನಲ್ಲಿ. ಬ್ಯಾಗು ಇದ್ದದ್ದು ಪಕ್ಕದ ಉಮರಸಾಬನ ಮನೆಯಲ್ಲಿ. ಅದು ಅಲ್ಲಿಗೆ ಹೋಗಲು ಕಾರಣ ಅವ್ವ ಪಂಪಾವತಿ.

ಕಂಪನಿಯ ಪ್ರವಾಸದ ದಿನ ಗೊತ್ತಾದಾಗಲೇ ಅವ್ವ ಕೇಳಿದ್ದು ಒಂದೇ ಪ್ರಶ್ನೆ, ಆ ದೇಶ ಯಾವ ದಿಕ್ಕಿಗಿದೆ ಎಂದು. ಗವಿಸಿದ್ದೇಶ ಸೂರ್ಯ ಹುಟ್ಟುವ ಕಡೆ ಕೈ ತೋರಿಸಿದ್ದ. ಶನಿವಾರ ಮೂಡಣಕ್ಕೆ ಶೂಲ, ಹೆಜ್ಜೆ ಇಡಬಾರದು. ಆದರೆ ಇದಕ್ಕೆ ಹಿರಿಯರೇ ಒಂದು ದಾರಿ ಮಾಡಿಟ್ಟಿದ್ದಾರೆ: ಒಳ್ಳೆಯ ದಿನ ನೋಡಿ ಸಾಮಾನನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದರೆ ಪ್ರಸ್ಥಾನ ಇಟ್ಟಂತೆ, ಅಂದರೆ ಪ್ರಯಾಣ ಅವತ್ತೇ ಶುರುವಾದಂತೆ. ಆಮೇಲೆ ಯಾವ ದಿನ ಹೊರಟರೂ ಶೂಲ ತಟ್ಟುವುದಿಲ್ಲ. ನಡುವೆ ಮಾತ್ರ ಒಡೆಯ ಸಾಮಾನನ್ನು ಮರಳಿ ತರಬಾರದು, ಮುಟ್ಟಬಾರದು, ಅದರ ಮುಖ ಕೂಡ ನೋಡಬಾರದು. ಮೂಡಣಕ್ಕಿದ್ದ ಮನೆ ದರ್ಜಿ ಉಮರಸಾಬನದು. ಗುರುವಾರ ಬ್ಯಾಗು ಅಲ್ಲಿಗೆ ಹೋಯಿತು.

"ಯವ್ವಾ, ಬ್ಯಾಗು ತರ್ತೀನಿ," ಎಂದು ಈಶಪ್ಪ ಚಪ್ಪಲಿ ಮೆಟ್ಟಿದ.

"ತಂದ್ರ ನನ್ನ ಹೆಣದ ಮ್ಯಾಲ ದಾಟಿಕೊಂಡು ತಾ," ಎಂದಳು ಅವ್ವ, ಅವರೆಕಾಯಿ ಸುಲಿಯುತ್ತ, ತಲೆ ಕೂಡ ಎತ್ತದೆ.

ಈಶಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಗಂಗಾವತಿ ಬಜಾರಕ್ಕೆಲ್ಲ ಗೊತ್ತು. ಆದರೆ ಈ ಸಲ ಆ ಸಿಟ್ಟಿಗೆ ಕಾರಣವಿತ್ತು. ಅವನ ಬೀಜ-ಗೊಬ್ಬರದ ಅಂಗಡಿಗೆ ಎದುರಾಗಿ ಕುಬೇರಪ್ಪನ ಅಂಗಡಿ. ಈಶಪ್ಪನ ಮನೆಯ ಓಣಿಯಲ್ಲೇ ಅವನ ಮನೆ. ಕುಬೇರಪ್ಪ ಒಮ್ಮೆ ಕಂಪನಿಯ ಖರ್ಚಿನಲ್ಲಿ ದುಬೈಗೆ ಹೋಗಿ ಬಂದವನು ಈವರೆಗೂ ಪೂರ್ತಿ ವಾಪಸು ಬಂದಿರಲಿಲ್ಲ. ಬಿಸಿಲು ಬಿದ್ದರೆ ದುಬೈ ಬಿಸಿಲು, ರಸ್ತೆಯ ಗುಂಡಿ ಕಂಡರೆ ದುಬೈ ರಸ್ತೆ. ಈ ವರ್ಷ ಭತ್ತದ ಬೀಜ ಮಾರುವುದರಲ್ಲಿ ಈಶಪ್ಪ ಅವನನ್ನು ಹಿಂದೆ ಹಾಕಿದ್ದ, ಪ್ರವಾಸ ಇವನ ಪಾಲಾಗಿತ್ತು. ಅದು ಲೋಕದ ಮುಂದಿನ ಮಾತು. ಒಳಗಿನ ಮಾತು ಬೇರೆಯೇ. ಗದ್ದೆಯ ಬದುವಿನ ಮೇಲೆ ನಿಂತು ವಿಮಾನಕ್ಕೆ ಕೈ ಬೀಸುತ್ತಿದ್ದ ಹುಡುಗನಿಗೆ ಒಮ್ಮೆಯಾದರೂ ಮೋಡದ ಮೇಲೆ ಕೂತು ಕೆಳಗೆ ನೋಡಬೇಕೆಂಬ ಆಸೆ ಹುಟ್ಟಿತ್ತು. ಐವತ್ತು ದಾಟಿದರೂ ಆ ಆಸೆ ಹೋಗಿರಲಿಲ್ಲ. ಅದನ್ನು ಅವನು ಹೆಂಡತಿ ಅಮೃತಾಳಿಗೂ ಹೇಳಿರಲಿಲ್ಲ.

ಉಮರಸಾಬ ಬಾಗಿಲಲ್ಲೇ ಅಡ್ಡ ನಿಂತ. ಕೊರಳಲ್ಲಿ ಅಳತೆಯ ಟೇಪು, ಕಣ್ಣಲ್ಲಿ ಧರ್ಮಸಂಕಟ.

"ಸಾಹುಕಾರ್ರ, ಕೊಡಾಕ ಬರಂಗಿಲ್ಲರಿ. ಅವ್ವಾರು ನನ್ನ ಕಡೀಂದ ಮಾತು ತಗೊಂಡಾರ. ನೀವು ಕೈಮುಗದು ಕೇಳಿದ್ರೂ ಹೊಂಡೋ ಹೊತ್ತಿಗಿಂತ ಮೊದಲ ಕೊಡಬ್ಯಾಡ ಅಂದಾರ. ಅಮಾನತ್ ಇದು, ನಂಬಿ ಕೊಟ್ಟ ಒಡವಿ."

"ನನ್ನ ಬ್ಯಾಗು ನನಗ ಕೊಡಾಕ ನಿನಗ್ಯಾವ ಅಮಾನತ್ತೋ?"

"ನಿಮ್ಮದ ಐತಿ ಅಂತನ ಅಮಾನತ್ರಿ. ನನ್ನದಾಗಿದ್ರ ಈಗ ಕೊಡ್ತಿದ್ನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದ ಈಶಪ್ಪ ಈಗ ಕಣ್ಣಾರೆ ಕಂಡ. ಅವನ ಕೂಗಾಟಕ್ಕೆ ಓಣಿ ನೆರೆಯಿತು. ಕುಬೇರಪ್ಪನೂ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದ, ವಿಷಯ ತಿಳಿದು ಉಗುಳಿ ಬಾಯಿ ತೊಳೆದುಕೊಂಡ.

"ಇಷ್ಟಕ್ಕ ಯಾಕ ಒದರ್ತಿ ಈಶಪ್ಪ? ನಾ ದುಬೈಕ ಹೋದಾಗ ಇಂಥಾವ ಎಷ್ಟ ತುಂಬೀನಿ. ನೀ ಕಿಡಕಿಗೆ ಬೆನ್ನ ಹಾಕಿ ನಿಂದ್ರು. ಉಮರಸಾಬ ಒಳಗ ಬ್ಯಾಗು ತಗದು ಓದ್ತಾನ. ನಾ ನಿನ್ನ ಫೋನಿನಾಗ ಒತ್ತುತೀನಿ. ಅವ್ವನ ಮಾತೂ ಉಳೀತು, ನಿನ್ನ ಕೆಲಸಾನೂ ಆತು."

ಅವ್ವ ಕಟ್ಟೆಯಿಂದಲೇ ಒಪ್ಪಿಗೆ ಕೊಟ್ಟಳು. ಈಶಪ್ಪನಿಗೆ ಕುಬೇರಪ್ಪನ ಉಪಕಾರಕ್ಕಿಂತ ವಿಷ ರುಚಿ ಅನ್ನಿಸಿತು. ಆದರೂ ಬೇರೆ ದಾರಿ ಇರಲಿಲ್ಲ. ಶಿಕ್ಷೆಗೆ ನಿಂತ ಶಾಲೆಯ ಹುಡುಗನಂತೆ ಕಿಟಕಿಗೆ ಬೆನ್ನು ಮಾಡಿ ನಿಂತ.

"ಬ್ಯಾಗಿಗೆ ನಂಬರ್ ಬೀಗ ಐತ್ರಿ," ಎಂದ ಉಮರಸಾಬ ಒಳಗಿನಿಂದ.

"ನಾಕು, ಎರಡು, ಒಂಬತ್ತು."

ಒಳಗೆ ಅವನ ಹೆಂಡತಿ ತುಳಿಯುತ್ತಿದ್ದ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. "ಕೇಳವಲ್ಲದ್ರಿ."

"ನಾಕು. ಎರಡು. ಒಂಬತ್ತು," ಎಂದು ಈಶಪ್ಪ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಒದರಿದ. ಅದೂ ಸಾಲದೆಂದು ಎದುರುಮನೆಯ ಮಲ್ಲೇಶ್ವರಿ ಮಹಡಿಯಿಂದ ಇನ್ನೊಮ್ಮೆ ಸಾರಿದಳು.

ಉಮರಸಾಬ ಪಾಸ್‌ಪೋರ್ಟಿನ ಅಂಕಿಗಳನ್ನು ಒಂದೊಂದಾಗಿ ಓದಿದ. ಹುಟ್ಟಿದ ದಿನ ಓದಿದ, ಅವಧಿ ಮುಗಿಯುವ ದಿನ ಓದಿದ. ಕುಬೇರಪ್ಪ ಒಂದೇ ಬೆರಳಿನಲ್ಲಿ ಒತ್ತುತ್ತ ಹೋದ. ಅರ್ಧಕ್ಕೆ ಬರುವಷ್ಟರಲ್ಲಿ ಸಮಯ ಮೀರಿತೆಂದು ಪುಟ ಮಾಯವಾಯಿತು, ಮತ್ತೆ ಮೊದಲಿಂದ. ಎರಡನೆಯ ಸಲ ನೆಟ್‌ವರ್ಕ್ ಹೋಯಿತು. ಮೂರನೆಯ ಸಲ ಓದುವ ತೊಂದರೆಯೇ ಉಳಿಯಲಿಲ್ಲ, ಕಟ್ಟೆಯ ಮೇಲೆ ಕೂತವರೆಲ್ಲ ಸೇರಿ ಮಗ್ಗಿ ಹೇಳಿದಂತೆ ನಂಬರು ಹೇಳಿದರು.

"ಹಿಂದಿನ ಎರಡು ವಾರದಾಗ ಯಾವ ಯಾವ ದೇಶಕ್ಕ ಹೋಗಿದ್ರಿ ಅಂತ ಕೇಳ್ತದ," ಎಂದ ಕುಬೇರಪ್ಪ. ಆ ಪ್ರಶ್ನೆಯನ್ನು ಅವನು ಪೇಢೆಯಂತೆ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ.

"ಕಾರಟಗಿಗೆ ಹೋಗಿದ್ನಿ. ಬರಿ."

"ಅದು ದೇಶಾ ಅಲ್ಲಲೇ. ಎಲ್ಲೂ ಹೋಗಿಲ್ಲ ಅಂತ ಹಾಕ್ಲಿ? ಹೆಂಗೂ ಖರೇನ ಐತಿ."

ಓಣಿ ನಕ್ಕಿತು. ಈಶಪ್ಪನ ಕಿವಿಯ ತುದಿ ಕೆಂಪೇರಿತು. ಎಂಥ ದೇಶವಿದು, ಮನೆಗೆ ಬರುವ ಅತಿಥಿಗೆ ನೀರು ಕೊಡುವ ಮೊದಲು ಪಂಚನಾಮೆ ಮಾಡುತ್ತದೆ! ತನ್ನ ಅಂಗಡಿಗೆ ಬಂದ ಯಾವ ರೈತನಿಂದಾದರೂ ಅವನು ಹೀಗೆ, ಎಲ್ಲಿಂದ ಬಂದಿ, ಯಾವಾಗ ಹೋಗ್ತಿ, ಮೈಗೆ ಆರಾಮಿದ್ದೀಯಾ ಎಂದು ಬರೆಸಿಕೊಂಡಿದ್ದನೇ? ದೇಶದ ಮೇಲಿನ ಸಿಟ್ಟು ಕುಬೇರಪ್ಪನ ಮೇಲೆ ಹೊರಳಿತು, ಅವನಿಂದ ಕೆಲಸ ಆಗಬೇಕಿದ್ದುದರಿಂದ ಅಲ್ಲಿಂದಲೂ ಹೊರಳಿ ಕಿಟಕಿಯ ಒಳಗೆ ಹೊಕ್ಕಿತು.

"ಇಷ್ಟಕ್ಕೆಲ್ಲ ನೀನ ಕಾರಣ ಉಮರಸಾಬ. ಬ್ಯಾಗು ಕೈಯಾಗ ಕೊಟ್ಟಿದ್ರ ಈ ಮಂದಿ ಬಾಯಾಗ ನಾ ಬೀಳ್ತಿದ್ದಿಲ್ಲ. ಅಮಾನತ್ತಂತ, ಅಮಾನತ್ತು. ಇನ್ನ ಮ್ಯಾಲೆ ನಿನ್ನ ಮಾರಿ ನನಗ ತೋರಿಸಬ್ಯಾಡ."

ಒಳಗಿನಿಂದ ಬ್ಯಾಗಿನ ಜಿಪ್ಪು ಮುಚ್ಚಿದ ಸದ್ದು ಕೇಳಿತು.

ಅಂತೂ ಮೂರನೆಯ ಪ್ರಯತ್ನಕ್ಕೆ ಡಿಕ್ಲರೇಷನ್ ಒಪ್ಪಿಗೆಯಾಗಿ ಫೋನಿನ ಪರದೆಯ ಮೇಲೆ ಕ್ಯೂಆರ್ ಚೌಕ ಮೂಡಿತು. ಈಶಪ್ಪ ಯಾರಿಗೂ ಒಂದು ಮಾತು ಹೇಳದೆ ಫೋನು ಕಸಿದುಕೊಂಡು ಅಂಗಡಿಗೆ ನಡೆದ. ಕುಬೇರಪ್ಪ ಅಲ್ಲಿಗೂ ಹಿಂದೆಯೇ ಬಂದು ಎದುರಿನ ಕುರ್ಚಿಯಲ್ಲಿ ಕೂತು, ವಿಮಾನದಲ್ಲಿ ಬೆಲ್ಟು ಕಟ್ಟಿಕೊಳ್ಳುವುದು ಹೇಗೆಂದು ಹೇಳತೊಡಗಿದ.

ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಉಮರಸಾಬ ಅಂಗಡಿಯ ಮುಂದೆ ಬಂದು ನಿಂತ. ತೊಳೆದ ಜುಬ್ಬಾ, ಕಂಕುಳಲ್ಲಿ ಬಟ್ಟೆಯ ಗಂಟು. ಹೆಂಡತಿ ಮೆಹಜಬೀನಳ ಜೊತೆ ಅವಳ ಕಡೆಯ ಮದುವೆಗೆ ಹೊರಟಿದ್ದ.

"ಸಾಹುಕಾರ್ರ, ಒಂದೀಟು ಈ ಕಡೆ ಬರ್ರಿ. ನಿಮ್ಮ ಒಬ್ಬರ ಹತ್ರ ಒಂದು ಮಾತು…"

"ಮಾರಿ ತೋರಿಸಬ್ಯಾಡ ಅಂದೇನಿಲ್ಲೋ? ಹೋಗು."

"ಹಂಗಲ್ರಿ, ನನ್ನ ಬಸ್ಸಿಗೂ ಹೊತ್ತಾತು…"

"ಹೊತ್ತಾಗಿದ್ರ ಓಡು."

ಉಮರಸಾಬ ಕುಬೇರಪ್ಪನ ಕಡೆ ಒಮ್ಮೆ ನೋಡಿದ, ಎದೆಯ ಕಿಸೆ ಮುಟ್ಟಿಕೊಂಡ, ಹೊರಟುಹೋದ. ಆಮೇಲೆ ಅವನಿಂದ ಮೂರು ಸಲ ಫೋನು ಬಂತು. ಮೂರು ಸಲವೂ ಈಶಪ್ಪ ಸೊಳ್ಳೆ ಹೊಸಕಿದಂತೆ ಅದನ್ನು ಕತ್ತರಿಸಿದ. ಕೋಪದ ಕೈಗೆ ಬುದ್ಧಿ ಕೊಡಬಾರದು ಎಂದು ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲೇ ಅಚ್ಚಾಗಿತ್ತು, ಅದನ್ನು ಓದುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಸಂಜೆ ಅವ್ವ ಮೊಸರು ಕೊಟ್ಟಳು, ಅಮೃತಾ ಕುಂಕುಮವಿಟ್ಟಳು. ಉಮರಸಾಬನ ತಾಯಿ ಹಸನಬೀ ಬ್ಯಾಗನ್ನು ಹೊಸ್ತಿಲಾಚೆ ತಂದು ಈಶಪ್ಪನ ಕೈಗೆ ಕೊಟ್ಟಳು. ತೆರೆಯದೆ, ತಿರುಗಿ ನೋಡದೆ ನಡೆಯಬೇಕೆಂದು ಅವ್ವನ ಅಪ್ಪಣೆ. ಈಶಪ್ಪ ಹಾಗೇ ನಡೆದ. ಮೋಡಗಳು ಮೇಲಿನಿಂದ ಅರಳಿದ ಹತ್ತಿಯಂತೆ ಕಾಣುತ್ತವಂತೆ ಎಂದು ನೆನೆದಾಗ ಅವತ್ತು ಮೊದಲ ಸಲ ಅವನ ಸಿಟ್ಟು ಇಳಿಯಿತು.

ಬಸ್ಸಿನ ಬಾಗಿಲಲ್ಲಿ ಗವಿಸಿದ್ದೇಶ ಕ್ಯೂಆರ್ ನೋಡಿ ತಲೆದೂಗಿದ. "ಭಾಳ ಛಲೋ ಆತ್ರಿ. ಪಾಸ್‌ಪೋರ್ಟ್ ಒಂದು ತೋರಿಸಿಬಿಡ್ರಿ."

ಈಶಪ್ಪ ಬ್ಯಾಗು ತೆರೆದ. ಕಡಕ್ ರೊಟ್ಟಿಯ ಗಂಟು ಇತ್ತು, ಶೇಂಗಾ ಚಟ್ನಿ ಇತ್ತು, ಹೊಸ ಬನಿಯನ್ನುಗಳಿದ್ದವು. ಪಾಸ್‌ಪೋರ್ಟಿನ ಜೆರಾಕ್ಸೂ ಇತ್ತು. ಪಾಸ್‌ಪೋರ್ಟ್ ಇರಲಿಲ್ಲ. ರೊಟ್ಟಿಗಳ ನಡುವೆಯೂ ಹುಡುಕಿದ.

ಉಮರಸಾಬನಿಗೆ ಫೋನು ಹಚ್ಚಿದ. ಅತ್ತ ಅವನು ಒಂದೇ ರಿಂಗಿಗೆ ಎತ್ತಿದ.

"ಅಲ್ಲಾ, ಈಗರೆ ಮಾಡಿದ್ರಲ್ಲ ಸಾಹುಕಾರ್ರ. ಪಾಸ್‌ಪೋರ್ಟ್ ನನ್ನ ಹತ್ರ ಐತ್ರಿ. ಬೀಗದ ನಂಬರ್ ಇಡೀ ಓಣಿಗೆ ಗೊತ್ತಾತು. ಮನ್ಯಾಗ ನಮ್ಮವ್ವ ಒಬ್ಬಾಕಿ, ಕಣ್ಣ ಬ್ಯಾರೆ ಸರಿ ಕಾಣಂಗಿಲ್ಲ. ಬ್ಯಾಗಿನಾಗ ಬಿಟ್ಟು ಹೋಗಾಕ ಜೀವ ಒಪ್ಪಲಿಲ್ಲರಿ. ನಿಮ್ಮ ಕೈಯಾಗ ಕೊಡೋಣಂತ ಅಂಗಡಿಗೆ ಬಂದೆ, ನೀವು ಓಡು ಅಂದ್ರಿ. ಇನ್ನೊಬ್ಬರ ಕೈಯಾಗ ಹ್ಯಾಂಗ ಕೊಡ್ಲಿ?"

"ಈಗ ಎಲ್ಲಿ ಅದಿ?"

"ಕುಷ್ಟಗಿ ದಾಟಿ ಭಾಳ ಹೊತ್ತಾತ್ರಿ. ಬಿಜಾಪುರ ಬಿಟ್ಟು ಸೊಲ್ಲಾಪುರದ ಹಾದಿ ಹಿಡದೇವಿ. ನೀವೇನೂ ಚಿಂತಿ ಮಾಡಬ್ಯಾಡ್ರಿ. ಎದಿಗೆ ಹಚ್ಚಿ ಇಟ್ಕೊಂಡೇನಿ. ಸೋಮವಾರ ಬಂದು ಖುದ್ದ ನಿಮ್ಮ ಕೈಯಾಗ ಇಡ್ತೀನಿ."

ಈಶಪ್ಪ ಬಯ್ಯಲು ಬಾಯಿ ತೆರೆದ. ಬೆಳಗಿನಿಂದ ಬೈಗುಳಕ್ಕೆ ಒಂದಲ್ಲ ಒಂದು ತಲೆ ಸಿಗುತ್ತಿತ್ತು. ಈಗ ಸಿಕ್ಕ ತಲೆ ಒಂದೇ, ಅದು ಅವನ ಹೆಗಲ ಮೇಲೇ ಇತ್ತು. ಕಣ್ಣು ತುಂಬಿ ಬಂತು.

"ಜ್ವಾಕಿ ಇಡಪಾ," ಎಂದಷ್ಟೇ ಹೇಳಿ ಫೋನಿಟ್ಟ.

ಬಸ್ಸು ಹೊರಟಿತು. ಆ ದೇಶ ಕೇಳಿದ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು ಒಪ್ಪಿಗೆ ಪಡೆದಿದ್ದ ಈಶಪ್ಪ ಬ್ಯಾಗು ಎಳೆದುಕೊಂಡು ಓಣಿಗೆ ಮರಳಿದ. ಮನೆಯ ಹೊಸ್ತಿಲಲ್ಲಿ ಅವ್ವ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು.

"ಹೊಂಟ ಬ್ಯಾಗು ಹೋಗಿಬರದ ಒಳಗ ಬರಂಗಿಲ್ಲ."

"ಬ್ಯಾಗು ಹೊರಗ ಇರಲಿ ಬಿಡವ್ವ. ನಾನರೆ ಬರ್ತೀನಿ."

"ನೀನೂ ಹೊಂಟವನ ಅಲ್ಲೇನು? ಮೊಸರು ಕುಡದು, ಕುಂಕುಮ ಹಚ್ಚಿಸಿಕೊಂಡು ಹೋದವ ಅದ ಹೊಸ್ತಿಲಾ ಹೆಂಗ ತುಳೀತಿ? ನಾಳಿ ದಿನ ಭಾಳ ಕೆಟ್ಟದೈತಿ. ಸೋಮವಾರ ನೋಡೋಣು."

ಕುಬೇರಪ್ಪನ ಕಿಟಕಿ ತೆರೆದ ಸದ್ದಾಯಿತು. ಈಶಪ್ಪ ಅತ್ತ ನೋಡಲಿಲ್ಲ. ಓಣಿಯ ನಡುವೆ ಬ್ಯಾಗಿನ ಮೇಲೆ ಕುಸಿದು ಕೂತ. ಆಗ ಪಕ್ಕದ ಮನೆಯ ಬಾಗಿಲು ಸರಿದು ಹಸನಬೀ ಹೊರಗೆ ಇಣುಕಿದಳು.

"ಬಾರಪ್ಪ ಈಶಪ್ಪ, ಒಳಗ ಬಾ. ಉಮರ ಬರೋತನ ಬ್ಯಾಗಿನ ಜೋಡಿ ನಿನ್ನೂ ಜ್ವಾಕಿಲೆ ಇಟ್ಕೋತೀನಿ. ಖರೆ, ಯಾರು ಬಂದು ಕೇಳಿದ್ರೂ ಕೊಡಂಗಿಲ್ಲ ನೋಡು."