ಒಂದು ತೆನೆಗೆ ಒಂದು ಲಾರಿ ಹಂಚು

ಒಂದೇ ಒಂದು ಭತ್ತದ ತೆನೆಗಾಗಿ ನಾನು ಕೊಟ್ಟದ್ದು ಒಂದು ಲಾರಿ ಹಂಚು. ಮಂಗಳೂರಿನಲ್ಲಿ ಹಂಚಿನ ವ್ಯಾಪಾರ ಮಾಡಿ ಬೆಳೆದವನು, ಮೀನಿನವಳಿಂದ ಎರಡು ಬೂತಾಯಿ ಹೆಚ್ಚಿಗೆ ಹಾಕಿಸಿಕೊಳ್ಳದೆ ಕದಲದವನು, ಇಂಥ ವ್ಯಾಪಾರಕ್ಕೆ ಬಿದ್ದದ್ದು ಅಮ್ಮನಿಂದಾಗಿ. ಮನೆಯಲ್ಲಿ ನಾವು ಅವಳನ್ನು ಮಾಂಯ್ ಎನ್ನುತ್ತೇವೆ.

ನಾವು ಕೊಂಕಣಿ ಕ್ರಿಸ್ತುವರು, ಹಿರಿಯರು ಗೋವಾದಿಂದ ಬಂದವರು. ಯಾವ ಕಾಲದಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಯಾವ ಊರಿನಿಂದ ಎಂಬುದು ಮಾತ್ರ ಮಂಗಳೂರು ದೇರೆಬೈಲಿನ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಪೋರ್ಚುಗೀಸರು ಹೋಗಿ ಗಡಿ ತೆರೆದದ್ದೇ ತಡ, ಮಾಂಯ್ ಹಟ ಹಿಡಿದಳು. ಈ ಸಲದ ತೆನೆಹಬ್ಬಕ್ಕೆ ಆ ಊರಿನ ಗದ್ದೆಯ ತೆನೆಯೇ ಆಗಬೇಕು! ಹಬ್ಬದ ಹೊಸ ಅಕ್ಕಿಯನ್ನು ನಾವು ಮನೆಯವರಿಗಷ್ಟೇ ಕೊಡುವುದು. ಬೊಂಬಾಯಿಯ ತಮ್ಮನಿಗೆ ಅಂಚೆಯಲ್ಲಾದರೂ ಕಳಿಸುತ್ತೇವೆ, ಪಕ್ಕದ ಮನೆಯವರಿಗೆ ಕೊಡುವುದಿಲ್ಲ. ಎಂದರೆ, ಅಲ್ಲಿಯವರು ತೆನೆ ಕೊಟ್ಟರೆ ನಾವು ಮನೆಯವರು, ಕೊಡದಿದ್ದರೆ ದಾರಿಹೋಕರು.

ಬಸ್ಸು, ದೋಣಿ, ಮತ್ತೆ ಬಸ್ಸು. ದಾರಿಯುದ್ದಕ್ಕೂ ಮಾಂಯ್ ಪ್ರಾರ್ಥಿಸುತ್ತಿದ್ದಳು. ನಾನು ಮನೆಗಳ ಸೂರು, ಮಾಡು ನೋಡುತ್ತಿದ್ದೆ. ಹಂಚಿನವನಿಗೆ ಊರೆಂದರೆ ಅದೇ ತಾನೇ. ಇಗರ್ಜಿಯ ಪಾದ್ರಿ ನಮ್ಮ ಕುಟುಂಬದ್ದೆಂದು ತೋರಿಸಿದ ಮನೆಯಲ್ಲಿ ಇನಾಸ ಎಂಬವನು ಬಾಗಿಲಿಗೆ ಅಡ್ಡ ನಿಂತ.

"ಎಂತ, ಪಾಲು ಕೇಳಲಿಕ್ಕೆ ಬಂದದ್ದಾ?"

ಅವನ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

"ಪಾಲು ಬೇಡ ಪುತಾ, ಒಂದು ತೆನೆ ಸಾಕು," ಎಂದಳು ಮಾಂಯ್.

"ಇವತ್ತು ತೆನೆ, ನಾಳೆ ಗದ್ದೆ!"

ನಾನು ಅಭ್ಯಾಸಬಲದಿಂದ ಕಿಸೆಗೆ ಕೈ ಹಾಕಿದೆ. "ಎಷ್ಟಾಗ್ತದೆ ಹೇಳಿ."

ಮಾಂಯ್ ಮುಖ ಸಣ್ಣದಾಯಿತು. "ಹಣಕ್ಕೆ ಸಿಗುವುದಾದರೆ ನಮ್ಮ ಮಾರ್ಕೆಟಿನಲ್ಲೂ ಉಂಟು. ನಡಿ, ಹೋಗುವ," ಎಂದು ಮೆಟ್ಟಿಲಿಳಿದಳು. ಅವಳ ಬೆನ್ನು ನೋಡಿ ನನಗೆ ತಡೆಯಲಿಲ್ಲ.

"ನಿಮ್ಮ ಪಾಲು ಯಾರಿಗೆ ಬೇಕು ಮಾರಾಯ? ಮಾಡು ಪೂರಾ ಸೋರ್ತಾ ಉಂಟು! ನನ್ನದು ಮಂಗಳೂರಿನಲ್ಲಿ ಹಂಚಿನದೇ ವ್ಯಾಪಾರ!"

"ಹಂಚಿನದಾ? ಮೊದಲೇ ಹೇಳಬಾರದಾ ಅಣ್ಣ! ಬನ್ನಿ, ಒಳಗೆ ಬನ್ನಿ!"

ಕಾಫಿ ಬಂತು. ಇನಾಸ ತಾನೇ ಗದ್ದೆಗಿಳಿದು ತೆನೆ ಕೊಯ್ದು ತಂದು ಮಾಂಯ್ ಕೈಗಿಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿರುವಾಗಲೇ ನನ್ನತ್ತ ತಿರುಗಿದ.

"ಈಗ ನೀವು ಮನೆಯವರಾದಿರಿ. ಸ್ವಂತ ಮನೆ ಸೋರುವಾಗ ಹಂಚಿಗೆ ಹಣ ತಗೊಳ್ತೀರಾ?"

"ಛೆ, ಹಣ ಎಂತದು! ಕಳಿಸ್ತಾನೆ," ಎಂದಳು ಮಾಂಯ್.

"ಅರ್ಧ ಲಾರಿ," ಎಂದೆ ನಾನು.

"ಉಳಿದರ್ಧ ಮಾಡು ಸೋರಲಿಯಾ?"

ಒಂದು ಕಣ್ಣು ಕಿರಿದು ಮಾಡಿ, ಕತ್ತು ಓರೆ ಮಾಡಿ ಅವನು ಹಾಗೆ ಕೇಳಿದಾಗ ನನಗೆ ಕನ್ನಡಿ ನೋಡಿದಂತಾಯಿತು. ಹಿರಿಯರು ಅಲ್ಲಿಂದ ಬಂದ ಕಥೆಯನ್ನು ಅದುವರೆಗೆ ನಾನು ಅರೆಮನಸ್ಸಿನಿಂದ ಕೇಳುತ್ತಿದ್ದೆ. ಅವತ್ತು ಪೂರಾ ನಂಬಿದೆ. ಇಂಥ ಚೌಕಾಸಿ ರಕ್ತದಲ್ಲೇ ಬರಬೇಕು.

ಹಬ್ಬದ ದಿನ ತೆಂಗಿನ ಹಾಲಿನಲ್ಲಿ ಆ ಅಕ್ಕಿಯ ಕಾಳು ಬೆರೆಸಿ ಮಾಂಯ್ ಮೊದಲ ಚಮಚ ನನಗೇ ಕೊಟ್ಟಳು. ಅವಳ ಕಣ್ಣು ತುಂಬಿತ್ತು. ರುಚಿ ಮಾತ್ರ ನಮ್ಮ ಪಕ್ಕದ ಕಾವೂರಿನ ಅಕ್ಕಿಯದ್ದೇ. ನಾನು ಇನ್ನೊಂದು ಚಮಚ ಕೇಳಿದೆ.

ಹಿರಿಯರ ಊರಿಗೆ ನೀವೂ ಹೋಗಿ, ಖಂಡಿತ ಹೋಗಿ. ಆದರೆ ಉದ್ಯೋಗ ಕೇಳಿದರೆ ಶಾಲೆಯ ಮೇಸ್ಟ್ರು ಎನ್ನಿ. ಮಾಡಿನ ಕಡೆ ಕತ್ತೆತ್ತಬೇಡಿ. ತೆನೆ ಕೈಗೆ ಬಂದ ಕೂಡಲೇ ಎದ್ದುಬಿಡಿ, ಎರಡನೆಯ ಕಾಫಿಗೆ ಕೂರಬೇಡಿ. ನಾನು ಕೂತೆ. ಇನಾಸನ ಹೆಂಡತಿ, "ಭಾವ, ದನದ ಹಟ್ಟಿಯ ಮಾಡನ್ನೂ ಒಮ್ಮೆ ನೋಡಿ," ಎಂದದ್ದು ಆಗಲೇ.