ಜರ್ಮನಿಯ ನೋಟಿಗೆ ಅರಿಶಿನ ಕುಂಕುಮ

ಹೆಚ್ಚು ಶಾಲೆ ಕಲಿಯದವರಿಗೆ ಸೊನ್ನೆಗಳ ಮೇಲೆ ಭಕ್ತಿ ಜಾಸ್ತಿ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ನನ್ನದಂತೂ ಪೂಜೆಯ ತನಕ ಹೋಗಿತ್ತು. ನಮ್ಮ ಮಾವನವರ ಅಪ್ಪ ಹಡಗಿನ ಕೆಲಸಕ್ಕೆಂದು ಕಾರವಾರ ಬಿಟ್ಟು ಹೋಗಿ, ಜರ್ಮನಿಯ ಯಾವುದೋ ಬಂದರಿನಲ್ಲಿ ಕೆಲವು ವರ್ಷ ಇದ್ದು ಬಂದರಂತೆ. ಅವರ ಕಾಗದಪತ್ರಗಳ ನಡುವೆ ಒಂದು ನೋಟು. ಅದರಲ್ಲಿ ಸೊನ್ನೆಗಳು ದಡಕ್ಕೆಳೆದ ದೋಣಿಗಳ ಹಾಗೆ ಸಾಲಾಗಿ ನಿಂತಿವೆ. ಅಮದಳ್ಳಿಯ ನಮ್ಮ ಮನೆಯಲ್ಲಿ ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಅದನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದೆ. ಈಗ ನೋಟು ಮದುಮಗಳ ಹಾಗಾಗಿದೆ.

ಈ ನೋಟಿಗಾಗಿಯೇ ಹಟ್ಟಿಕೇರಿಯ ನನ್ನ ಮೈದುನ ತುಕಾರಾಮ ನಮ್ಮ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದ. ಮನೆ ಪಾಲಾಗುವಾಗ ಅದು ನಮ್ಮಲ್ಲೇ ಉಳಿಯಿತು. ಅದಕ್ಕೆ ಒಂದೇ ಬದಿ ಅಚ್ಚು, ಹಿಂದೆ ಬರೀ ಬಿಳಿ. "ಹಿಂದಿನ ಪದರ ಸುಲಿದು ಮಾರ್ಕೊಂಡಿದ್ದೀರಿ!" ಎಂದು ಅವನು ಕೂಗಿದ್ದ. ನಂಗು ಎಂಬ ಮೀನಿನ ಚರ್ಮವನ್ನೇ ನೆಟ್ಟಗೆ ಸುಲಿಯಲು ಬಾರದ ನನ್ನ ಗಂಡ ನೋಟು ಸುಲಿಯುವುದೇ! ಅವರು ತೀರಿಕೊಂಡರು, ಜಗಳ ಮಾತ್ರ ಗಟ್ಟಿಯಾಗಿ ಉಳಿಯಿತು.

ಇಷ್ಟರಲ್ಲಿ ನನ್ನ ಮಗನಿಗೆ ಮಗಳು ಹುಟ್ಟಿದಳು! ಮೂಗು ನನ್ನದೇ ಎಂದು ಆಸ್ಪತ್ರೆಯಲ್ಲಿ ಕೇಳದವರಿಗೂ ಹೇಳಿದೆ. ಆದರೆ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನನ್ನ ಮಗನಿಗೆ ಒಡಹುಟ್ಟಿದವರಿಲ್ಲ. ತಂಗಿ ಎಂದರೆ ತುಕಾರಾಮನ ಮಗಳು ಸುಜಾತ ಒಬ್ಬಳೇ. ಅಪ್ಪ ಕಳಿಸದೆ ಅವಳು ಬರುವುದು ಹೇಗೆ?

ಬೇರೆ ದಾರಿ ಕಾಣದೆ ನೋಟನ್ನು ಸೊಸೆಯ ಕೈಗೆ ಕೊಟ್ಟು, "ಇದನ್ನ ಮಾರು, ಅರ್ಧ ಅವನಿಗೆ ಕೊಟ್ಟುಬಿಡುವಾ" ಎಂದೆ. ಅವಳು ಫೋನಿನಲ್ಲಿ ಹುಡುಕಿ ನಕ್ಕಳು. "ಅತ್ತೇ, ಆಗ ಅಲ್ಲಿ ಬೆಲೆ ಏರಿ ಏರಿ, ಚೀಲ ತುಂಬ ನೋಟು ಕೊಟ್ರೆ ಒಂದು ಬ್ರೆಡ್ ಸಿಗ್ತಿತ್ತಂತೆ. ಅವಸರಕ್ಕೆ ಒಂದೇ ಬದಿ ಅಚ್ಚು ಹಾಕ್ತಿದ್ರಂತೆ. ಈಗ ಮಾರಿದ್ರೆ ಒಂದು ಮೀನೂಟ ಬರಬಹುದು." ಮೀನೂಟ! ನನಗೆ ಅಳು ಬರಬೇಕಿತ್ತು; ಬದಲಿಗೆ ಎದೆಯ ಮೇಲಿನ ಲಂಗರು ಎತ್ತಿದ ಹಾಗಾಯಿತು. ಜಗಳಕ್ಕೆ ಬುಡವೇ ಇಲ್ಲವಲ್ಲ!

ಹಟ್ಟಿಕೇರಿಗೆಂದು ಅಂಕೋಲೆಯ ಕಡೆಯ ಬಸ್ಸು ಹತ್ತಿದೆ. ತುಕಾರಾಮ ಅಂಗಳದಲ್ಲಿ ಬಲೆ ಹೊಲಿಯುತ್ತ ಕೂತಿದ್ದ.

"ಎಂತಾ ವೈನಿ, ಹಾದಿ ತಪ್ತಾ?"

"ತಪ್ಪಲಿಲ್ಲ ಮಾರಾಯ. ತಗೋ ನಿನ್ನ ಕೋಟಿ, ಪೂರಾ ನೀನೇ ಇಟ್ಕೋ." ನೋಟು ಕೊಟ್ಟು, ಸೊಸೆ ಹೇಳಿದ್ದನ್ನೆಲ್ಲ ಹೇಳಿ, ತೊಟ್ಟಿಲ ಶಾಸ್ತ್ರಕ್ಕೂ ಕರೆದೆ.

ಅವನು ನೋಟನ್ನು ತಿರುವಿ ತಿರುವಿ ನೋಡಿದ. "ಒಂದು ಮೀನೂಟಕ್ಕಾಗಿ ದಾದಾನ ಕೂಡೆ, ಸ್ವಂತ ಅಣ್ಣನ ಕೂಡೆ ಮಾತು ಬಿಟ್ಟೆನಾ?" ಎಂದವನ ಕಣ್ಣು ತುಂಬಿತು. ಆಮೇಲೆ ಮೂಗೊರೆಸಿಕೊಂಡು, "ಅದೂ ಕೊನೆಗೆ ಕುಡಿಯಲು ಸೋಲ್‌ಕಡಿಯೂ ಇಲ್ಲದ ಊಟವೋ ಏನೋ!" ಎಂದು ನಕ್ಕ. ಒಳಗಿನಿಂದ ಸುಜಾತ ಓಡಿಬಂದಳು. "ದೊಡ್ಡಮ್ಮಾ, ಹೆಸರು ನಾನೇ ಹೇಳೋದಲ್ದಾ?"

"ನೀನಲ್ದೆ ಮತ್ಯಾರೇ?"

ಮೊನ್ನೆ ಶಾಸ್ತ್ರ ಮುಗಿಯಿತು. ಸುಜಾತ ಕಿವಿಯಲ್ಲಿ ಹೆಸರು ಹೇಳಿದಾಗ ಪುಟ್ಟಿ ಆಕಳಿಸಿದಳು. ನನಗೆ ಅದೂ ಜಾಣತನವಾಗಿಯೇ ಕಂಡಿತು. ಸಂಜೆ ತುಕಾರಾಮನನ್ನು ಬಸ್ಸಿನ ತನಕ ಕಳಿಸಲು ಹೋದೆ. ದುಡ್ಡಿನ ಆಸೆ ನನ್ನಿಂದ ಪೂರ್ತಿ ಬಿಟ್ಟುಹೋಯಿತು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಬಸ್ಸು ಹೊರಟ ಮೇಲೆ ಮಾತ್ರ ಬಾಯಿ ನನ್ನ ಮಾತು ಕೇಳಲಿಲ್ಲ. ಕಿಟಕಿಯ ಜೊತೆಗೇ ಸ್ವಲ್ಪ ಓಡಿ ಕೂಗಿದೆ: "ತುಕಾರಾಮಾ, ರೇಟು ಏರಿದ್ರೆ ಅರ್ಧ ನಮ್ದು, ಹಾಂ!"